ಹೋಸ್ಟ್‌ನೇಮ್ ಸಿಗದಿದ್ದಾಗ ಡಿಗ್ಗೋ, ಗೆಟ್‌ಎಂಟೋ?

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಯಾವುದೋ ಹೋಸ್ಟ್‌ನೇಮ್, ಅಂದರೆ ನೆಟ್‌ವರ್ಕ್‌ನಲ್ಲಿನ ಯಂತ್ರದ ಹೆಸರು, ಸಿಗುತ್ತಿಲ್ಲ ಎಂದ ಕೂಡಲೇ ಹೆಚ್ಚಿನವರು ಡಿಗ್ ಎಂಬ ಕಮಾಂಡ್ ಓಡಿಸುತ್ತಾರೆ. ನನ್ನ ಓಟು ಗೆಟ್‌ಎಂಟ್‌ಗೆ. ಆ ಕಮಾಂಡ್ ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ ಜೊತೆಗೇ ಬಂದಿರುತ್ತದೆ. ನೆಟ್‌ವರ್ಕ್ ಕೈಕೊಟ್ಟಿರುವ ಹೊತ್ತಿನಲ್ಲಿ ಹೊಸ ಪ್ಯಾಕೇಜ್ ಇಳಿಸುವ ಪಾಡಿಲ್ಲ.

ಡಿಗ್‌ನ ತಕರಾರು ಒಂದೇ, ಆದರೆ ದೊಡ್ಡದು. ಅದು /ಇಟಿಸಿ/ರಿಸಾಲ್ವ್.ಕಾನ್ಫ್ ನೋಡಿ, ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್ ಸರ್ವರನ್ನೇ ನೇರ ಕೇಳುತ್ತದೆ. ಪಿಂಗ್, ಎಸ್‌ಎಸ್‌ಎಚ್ ಹಾಗಲ್ಲ, /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್‌ನ ‘ಹೋಸ್ಟ್ಸ್:’ ಸಾಲು ಹೇಳಿದ ಸರದಿಯಲ್ಲಿ ಹೋಗುತ್ತವೆ. ಗೆಟ್‌ಎಂಟ್ ಹೋಗುವುದೂ ಅದೇ ದಾರಿಯಲ್ಲಿ. ಹಲವು ಡೆಸ್ಕ್‌ಟಾಪ್‌ಗಳಲ್ಲಿ ಆ ಸರದಿ ಹೀಗಿರುತ್ತದೆ: ಫೈಲ್ಸ್ (/ಇಟಿಸಿ/ಹೋಸ್ಟ್ಸ್ ಕಡತ), ಎಂಡಿಎನ್‌ಎಸ್4_ಮಿನಿಮಲ್ (ಮಲ್ಟಿಕಾಸ್ಟ್ ಡಿಎನ್‌ಎಸ್), ಅದರ ಬೆನ್ನಿಗೆ [ನಾಟ್‌ಫೌಂಡ್=ರಿಟರ್ನ್], ಕೊನೆಗೆ ಡಿಎನ್‌ಎಸ್.

ರೂಟರ್‌ನಲ್ಲಿ ‘ಪ್ರಿಂಟರ್.ಲೋಕಲ್’ ಅಂತ ಹೆಸರು ಕೊಟ್ಟಿದ್ದೀರಿ ಎನ್ನಿ. ಡಿಗ್ ಐಪಿ ವಿಳಾಸವನ್ನು ಸರಿಯಾಗಿಯೇ ತೋರಿಸುತ್ತದೆ, ಪಿಂಗ್ ಮಾತ್ರ ಹೆಸರೇ ಗೊತ್ತಿಲ್ಲ ಅನ್ನುತ್ತದೆ. ‘.ಲೋಕಲ್’ 2013ರ ಆರ್‌ಎಫ್‌ಸಿ 6762 ಎಂಬ ಇಂಟರ್ನೆಟ್ ಮಾನದಂಡದಲ್ಲಿ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ, ಅಂದರೆ ಸರ್ವರ್ ಇಲ್ಲದೆ ಒಂದೇ ನೆಟ್‌ವರ್ಕ್‌ನ ಯಂತ್ರಗಳು ಹೆಸರನ್ನು ತಮ್ಮತಮ್ಮಲ್ಲೇ ಕೇಳಿಕೊಳ್ಳುವ ವಿಧಾನಕ್ಕೆ, ಮೀಸಲಾದದ್ದು. ಮಲ್ಟಿಕಾಸ್ಟ್‌ನಲ್ಲಿ ಯಾರೂ ಓಗೊಡದಿದ್ದರೆ ಆ ರಿಟರ್ನ್ ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಸರದಿ ಡಿಎನ್‌ಎಸ್‌ವರೆಗೆ ಬರುವುದೇ ಇಲ್ಲ. ಡಿಗ್ ಒಂದನ್ನೇ ನಂಬಿದವರು ಸುಮ್ಮನೆ ಫೈರ್‌ವಾಲ್ ಕೆದಕುತ್ತಾ ಕೂರಬೇಕು. ‘ಗೆಟ್‌ಎಂಟ್ ಎಹೋಸ್ಟ್ಸ್ ಪ್ರಿಂಟರ್.ಲೋಕಲ್’ (getent ahosts printer.local) ಖಾಲಿ ಬಂದು ಡಿಗ್ ಉತ್ತರ ಕೊಟ್ಟರೆ, ಮೊದಲು ತೆರೆಯಬೇಕಾದ್ದು ಎನ್‌ಎಸ್‌ಸ್ವಿಚ್.ಕಾನ್ಫ್. ಸಾಲನ್ನು ತಿದ್ದಲೂಬಹುದು. ಆದರೆ ಹೆಸರನ್ನೇ ‘ಪ್ರಿಂಟರ್.ಹೋಮ್.ಆರ್ಪಾ’ ಮಾಡುವುದು ವಾಸಿ, ಹೋಮ್.ಆರ್ಪಾ ಇರುವುದೇ ಮನೆ ನೆಟ್‌ವರ್ಕ್‌ಗೆ.

‘ಗೆಟ್‌ಎಂಟ್ ಹೋಸ್ಟ್ಸ್’ ಬೇಡ, ‘ಎಹೋಸ್ಟ್ಸ್’ ಇರಲಿ. ಮೊದಲನೆಯದು ಐಪಿವಿ6 ವಿಳಾಸ ಸಿಕ್ಕರೆ ಐಪಿವಿ4 ತೋರಿಸುವುದೇ ಇಲ್ಲ.

ವಿಪಿಎನ್ ಹಾಕಿದ ಮೇಲೆ ಕೆಟ್ಟಿದ್ದರೆ, ಹೆಸರು ಹುಡುಕಿಕೊಡುವ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಸೇವೆ ಇರುವ ಯಂತ್ರದಲ್ಲಿ ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ಗೆ ಸಾಟಿಯಿಲ್ಲ. ಯಾವ ಇಂಟರ್‌ಫೇಸ್‌ಗೆ ಯಾವ ಡಿಎನ್‌ಎಸ್ ಎಂದು ಬಿಡಿಸಿ ಹೇಳುತ್ತದೆ. ಡಿಗ್‌ಗೆ ಸಾಮಾನ್ಯವಾಗಿ ಅಲ್ಲಿ ಕಾಣುವುದು 127.0.0.53, ಯಂತ್ರದೊಳಗಿನ ಆ ಸೇವೆಯದೇ ವಿಳಾಸ, ಅಷ್ಟೇ.

ಡಿಗ್‌ನಂಥದೇ ಇನ್ನೊಂದು ಕಮಾಂಡ್ ಎನ್‌ಎಸ್‌ಲುಕಪ್‌ಗೂ ಡಿಗ್‌ನದೇ ಕುರುಡು, ವಿವರ ಇನ್ನೂ ಕಡಿಮೆ. ನಾನು ಬಳಸುವುದಿಲ್ಲ.

ಡಿಗ್ ಬೇಕಾಗುವುದು ಸರ್ವರ್ ಮೇಲೆಯೇ ಅನುಮಾನ ಬಂದಾಗ. ‘ಡಿಗ್ @192.168.1.1’ ಎಂದು ಬರೆದು ಮುಂದೆ ಹೆಸರು ಕೊಟ್ಟರೆ ರೂಟರ್ ಏನನ್ನುತ್ತದೆ ಎಂದು ನೇರ ತಿಳಿಯುತ್ತದೆ. ಗೆಟ್‌ಎಂಟ್‌ಗೆ ಹೀಗೆ ಸರ್ವರ್ ಆರಿಸಲು ಬರುವುದಿಲ್ಲ.

ಗೆಟ್‌ಎಂಟ್ ಸರಿ ಹೇಳಿಯೂ ಬ್ರೌಸರ್ ಒಂದೇ ಹಟ ಮಾಡುತ್ತಿದ್ದರೆ, ಅದರ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಆನ್ ಆಗಿದೆಯೇ ನೋಡಿ. ಆಗ ಬ್ರೌಸರ್ ಈ ಸರದಿಯನ್ನು ಬಿಟ್ಟು ತನ್ನದೇ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ.