ಹ್ಯಾಲೋವೀನ್ ಕಾರ್ನಿವಲ್‌ಗೆ ಬಾಡಿಗೆ ಪ್ಯಾಕೇಜ್: ಬೌನ್ಸ್ ಹೌಸ್ ತನ್ನಿ, ಆಟ ನೀವೇ ಮಾಡಿ

5ಕ್ಕೆ 3 ಸ್ಟಾರ್.

ಮೊದಲೇ ಹೇಳಿಬಿಡುತ್ತೇನೆ, ಕಂಪನಿಯ ಹೆಸರು ಬರೆಯುತ್ತಿಲ್ಲ. ನ್ಯೂಜೆರ್ಸಿಯಲ್ಲಿ ಕಾರ್ನಿವಲ್ ಸಾಮಾನು ಬಾಡಿಗೆಗೆ ಕೊಡುವ ಇಂಥ ಕಂಪನಿಗಳು ಬೇಕಾದಷ್ಟಿವೆ, ಪ್ಯಾಕೇಜ್‌ಗಳೂ ಹೆಚ್ಚುಕಮ್ಮಿ ಒಂದೇ ತರ ಇರುತ್ತವೆ. ನಿಮ್ಮ ಸ್ಕೂಲಿನ ಪಿಟಿಎ (ಪೋಷಕರು-ಶಿಕ್ಷಕರ ಸಂಘ), ಚರ್ಚು, ಅಥವಾ ನಮ್ಮ ಕನ್ನಡ ಕೂಟದಂಥ ಸಂಘ ಯಾವುದೇ ಆಗಲಿ, ಫೋನ್ ಮಾಡುವ ಮೊದಲು ಇದನ್ನು ಓದಿದರೆ ನಿಮಗೆ ಉಪಯೋಗ ಆಗುತ್ತದೆ ಅಂತ ಬರೆಯುತ್ತಿದ್ದೇನೆ.

ನಮ್ಮ ಮಗಳ ಎಲಿಮೆಂಟರಿ ಸ್ಕೂಲಿನ ಪಿಟಿಎ ಮತ್ತು ಪಕ್ಕದ ಬೀದಿಯ ಚರ್ಚು ಸೇರಿ 2025ರ ಅಕ್ಟೋಬರ್ 25, ಶನಿವಾರ, ಮಧ್ಯಾಹ್ನ 3ರಿಂದ 6ರವರೆಗೆ ಹ್ಯಾಲೋವೀನ್ ಕಾರ್ನಿವಲ್, ಅಂದರೆ ಮಕ್ಕಳು ವೇಷ ಹಾಕಿ ಬರುವ ಮೇಳ, ಮಾಡಿದೆವು. ಜಾಗ ಚರ್ಚಿನ ಪಾರ್ಕಿಂಗ್ ಲಾಟ್. 6 ಗಂಟೆಗೇ ಯಾಕೆ ಮುಗಿಸಿದೆವು ಅಂದರೆ, ಆ ಹೊತ್ತಿಗೆ ಇಲ್ಲಿ ಸೂರ್ಯ ಮುಳುಗುತ್ತಾನೆ, ಕತ್ತಲಲ್ಲಿ ಕಾರು ಓಡಾಡುವ ಜಾಗದಲ್ಲಿ ಕಪ್ಪು ಬಟ್ಟೆ ತೊಟ್ಟ ಪುಟ್ಟ ಮಕ್ಕಳನ್ನು ಓಡಾಡಲು ಬಿಡುವುದು ಯಾರಿಗೂ ಇಷ್ಟ ಇರಲಿಲ್ಲ.

ನಾವು ತೆಗೆದುಕೊಂಡಿದ್ದು 740 ಡಾಲರಿನ 'ಸ್ಕೂಲ್ ಕಾರ್ನಿವಲ್' ಪ್ಯಾಕೇಜ್. 15 ಅಡಿ ಉದ್ದ, 15 ಅಡಿ ಅಗಲದ ಬೌನ್ಸ್ ಹೌಸ್ (ಮಕ್ಕಳು ಒಳಗೆ ಕುಣಿದಾಡುವ ಗಾಳಿ ತುಂಬಿದ ಮನೆ), ಪಾಪ್‌ಕಾರ್ನ್ ಮೆಷಿನ್, ಬೊಂಬಾಯಿ ಮಿಠಾಯಿ ಮೆಷಿನ್, ಆರು ಆಟದ ಸ್ಟಾಲ್, ಒಂದು ಟಿಕೆಟ್ ರೋಲ್, ಒಂದು ಪೆಟ್ಟಿಗೆ ಬಹುಮಾನ, ಮತ್ತು ಬೌನ್ಸ್ ಹೌಸ್ ನೋಡಿಕೊಳ್ಳಲು ಒಬ್ಬ ಹುಡುಗ. ಆಗಸ್ಟಿನಲ್ಲೇ 200 ಡಾಲರ್ ಅಡ್ವಾನ್ಸ್ ಕೊಟ್ಟಿದ್ದೆವು. 12 ಗಂಟೆಗೆ ಬರುತ್ತೇವೆ ಅಂದವರು ಬಂದಿದ್ದು 1.40ಕ್ಕೆ. ಬರುವುದು ತಡ ಆಗುತ್ತದೆ ಅಂತ ಒಂದು ಫೋನೂ ಇಲ್ಲ.

ಈಗ ಕರೆಂಟಿನ ವಿಷಯಕ್ಕೆ ಬರುತ್ತೇನೆ. ನನ್ನ ಸಿಟ್ಟೆಲ್ಲ ಇದರ ಮೇಲೇ ಇರುವುದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಬೌನ್ಸ್ ಹೌಸ್ ಅಂದರೆ ಬಲೂನಿನ ಹಾಗೆ ಒಮ್ಮೆ ಗಾಳಿ ತುಂಬಿ ಬಾಯಿ ಕಟ್ಟುವ ವಸ್ತು ಅಲ್ಲ. ಹೊಲಿಗೆಯ ಸಂದಿನಿಂದ ಗಾಳಿ ಸೋರುತ್ತಲೇ ಇರುತ್ತದೆ, ಬ್ಲೋವರ್ ನಿಲ್ಲದೆ ಗಾಳಿ ತುಂಬುತ್ತಲೇ ಇರಬೇಕು. ಆ ಬ್ಲೋವರ್ ಒಂದೇ ಸುಮಾರು 10 ಆಂಪ್ ಎಳೆಯುತ್ತದೆ. ಪಾಪ್‌ಕಾರ್ನ್ ಮೆಷಿನ್ ಹತ್ತಿರ ಹತ್ತಿರ ಅಷ್ಟೇ, ಬೊಂಬಾಯಿ ಮಿಠಾಯಿ ಮೆಷಿನ್ ಸ್ವಲ್ಪ ಕಡಿಮೆ. ಅಮೆರಿಕದ ಮಾಮೂಲಿ ಸಾಕೆಟ್ ಲೈನು 120 ವೋಲ್ಟ್, 15 ಅಥವಾ 20 ಆಂಪ್. 15 ಆಂಪಿನ ಲೈನಿಗೆ ಲೆಕ್ಕ ಹಾಕಿದರೆ 1800 ವ್ಯಾಟ್, ಗಂಟೆಗಟ್ಟಲೆ ಓಡಿಸುವುದಾದರೆ ಅದರಲ್ಲಿ 80 ಪರ್ಸೆಂಟ್, ಅಂದರೆ 1440 ವ್ಯಾಟ್ ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. 10 ಆಂಪಿನ ಮೆಷಿನ್ ಒಂದೇ 1200 ವ್ಯಾಟ್ ತಿನ್ನುತ್ತದೆ, ಹಾಗಾಗಿ ಒಂದು ಲೈನಿಗೆ ಒಂದು ಮೆಷಿನ್, ಮುಗೀತು.

ಚರ್ಚಿನ ಹೊರಗೋಡೆಯಲ್ಲಿ ಎರಡು ಸಾಕೆಟ್ ಇದ್ದವು, ಒಂದರಿಂದ ಒಂದು 30 ಅಡಿ ದೂರ. ನೋಡಿದರೆ ಬೇರೆ ಬೇರೆ ಅನ್ನಿಸುತ್ತದೆ. ಆದರೆ ಎರಡೂ ಒಂದೇ ಬ್ರೇಕರಿಗೆ (ಲೋಡ್ ಜಾಸ್ತಿಯಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್ಚಿಗೆ) ಸೇರಿದ್ದವು. 3.20ಕ್ಕೆ ಮೂರೂ ಮೆಷಿನ್ ಒಟ್ಟಿಗೆ ಶುರುವಾದವು, ಟಪ್ ಅಂತ ಬ್ರೇಕರ್ ಬಿತ್ತು. ಪಾಪ್‌ಕಾರ್ನ್ ಹತ್ತಿರ ನಿಂತಿದ್ದ ನಮ್ಮ ಪಕ್ಕದ ಮನೆಯ ಹುಡುಗಿ 'ಅಕ್ಕಾ, ಬ್ಲೋವರ್ ಸದ್ದು ನಿಂತೋಯ್ತು!' ಅಂತ ಕೂಗಿದಾಗ ತಿರುಗಿ ನೋಡಿದೆ, ಬೌನ್ಸ್ ಹೌಸಿನ ಗೋಡೆಗಳು ಮೆಲ್ಲಗೆ ಒಳಗೆ ಬಾಗುತ್ತಿದ್ದವು. ಒಳಗೆ ಏಳು ಮಕ್ಕಳು. ನನ್ನ ಮಗಳೂ ಇದ್ದಳು. ಗಾಳಿ ಒಮ್ಮೆಲೇ ಹೋಗುವುದಿಲ್ಲ, ಹೊರಗೆ ಕರೆದುಕೊಳ್ಳಲು ಸಮಯ ಸಿಗುತ್ತದೆ, ಕಂಪನಿಯ ಆ ಹುಡುಗ ಒಳಗೆ ನುಗ್ಗಿ ಒಂದು ಕೈಯಲ್ಲಿ ಚಾವಣಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಒಬ್ಬೊಬ್ಬರನ್ನೇ ಹೊರಗೆ ಕಳಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ಒಂದು ನಿಮಿಷವನ್ನು ನಾನು ಮರೆಯುವುದಿಲ್ಲ.

ಬುಕಿಂಗ್ ಮಾಡುವಾಗ ಕಂಪನಿ ನಮ್ಮನ್ನು ಬಲೂನಿನ ಬಣ್ಣ ಯಾವುದು ಬೇಕು ಅಂತ ಕೇಳಿತ್ತು. ನಿಮ್ಮಲ್ಲಿ ಎಷ್ಟು ಲೈನ್ ಇದೆ ಅಂತ ಕೇಳಲಿಲ್ಲ. ಪ್ರತಿ ಮೆಷಿನಿಗೂ ಬೇರೆ ಲೈನ್ ಬೇಕು ಅನ್ನುವುದು ಮೆಷಿನಿನ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಇತ್ತು, ಸಾಮಾನು ಬಂದ ಮೇಲೆ ಓದಿ ಏನು ಪ್ರಯೋಜನ ಹೇಳಿ? ಕೊನೆಗೆ ಚರ್ಚಿನ ಕಟ್ಟಡ ನೋಡಿಕೊಳ್ಳುವ ಹಿರಿಯರೊಬ್ಬರು ಬಂದು ಪಾಪ್‌ಕಾರ್ನ್ ಮೆಷಿನನ್ನು ಅಡುಗೆಮನೆಯ ಲೈನಿಗೆ, ಬೊಂಬಾಯಿ ಮಿಠಾಯಿ ಮೆಷಿನನ್ನು ಸಭಾಂಗಣದ ಲೈನಿಗೆ ಹಾಕಿಸಿದರು. ಅವರಿಗೆ ಒಂದು ಸಲ ಅಲ್ಲ, ಹತ್ತು ಸಲ ಥ್ಯಾಂಕ್ಸ್ ಹೇಳಿದ್ದೇನೆ. ನೀವು ಹಿಂದಿನ ವಾರವೇ ಒಂದು ಟೇಬಲ್ ಲ್ಯಾಂಪ್ ತೆಗೆದುಕೊಂಡು ಹೋಗಿ, ಒಂದೊಂದು ಸಾಕೆಟ್ಟಿಗೆ ಹಾಕಿ, ಬ್ರೇಕರ್ ಒಂದೊಂದಾಗಿ ಆಫ್ ಮಾಡಿ ಯಾವುದು ಯಾವ ಲೈನ್ ಅಂತ ಬರೆದಿಟ್ಟುಕೊಳ್ಳಿ. ಅರ್ಧ ಗಂಟೆ ಕೆಲಸ. ವೈರೂ ಅಷ್ಟೇ, ಮನೆಯ ಹಬ್ಬದ ದೀಪದ ಸಣ್ಣ ವೈರ್ ಬ್ಲೋವರಿಗೆ ಹಾಕಬೇಡಿ, ಬಿಸಿಯಾಗುತ್ತದೆ. ದಪ್ಪದ 12 ಗೇಜ್ ವೈರ್ ಕೇಳಿ ತರಿಸಿ, 100 ಅಡಿ ದಾಟಬಾರದು.

ಇಷ್ಟು ಬೈದ ಮೇಲೂ 3 ಸ್ಟಾರ್ ಯಾಕೆ ಅಂದರೆ ಆ ಹುಡುಗನಿಗಾಗಿ. ವಯಸ್ಸು 20 ಇರಬಹುದು. ಡಾಂಬರಿನ ಮೇಲೆ ಗೂಟ ಹೊಡೆಯಲು ಆಗುವುದಿಲ್ಲ, ಹಾಗಾಗಿ ಪ್ರತಿ ಮೂಲೆಗೂ ಮರಳು ಮೂಟೆ ಕಟ್ಟಿದ, ಕಟ್ಟಿದ ಮೇಲೆ ಒಂದೊಂದು ಪಟ್ಟಿಯನ್ನೂ ಜಗ್ಗಿ ನೋಡಿದ. ದೊಡ್ಡ ಮಕ್ಕಳನ್ನೂ ಚಿಕ್ಕವರನ್ನೂ ಒಟ್ಟಿಗೆ ಬಿಡಲೇ ಇಲ್ಲ. ಒಬ್ಬ ಅಪ್ಪ ಬಂದು 'ಅಣ್ಣ ತಂಗಿ ಒಟ್ಟಿಗೆ ಆಡಲಿ ಬಿಡಪ್ಪಾ' ಅಂತ ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ, ಹತ್ತು ವರ್ಷದವನು ಮೂರು ವರ್ಷದವಳ ಮೇಲೆ ಬಿದ್ದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. 4.30ರ ಹೊತ್ತಿಗೆ ಗಾಳಿ ಜೋರಾಯಿತು. ಜೇಬಿನಿಂದ ಗಾಳಿ ಅಳೆಯುವ ಚಿಕ್ಕ ಮೀಟರ್ ತೆಗೆದು ನೋಡಿ, ತಕ್ಷಣ ಎಲ್ಲರನ್ನೂ ಇಳಿಸಿದ. ಅವರ ಬೌನ್ಸ್ ಹೌಸಿನ ಮೇಲೆ ಗಂಟೆಗೆ 20 ಮೈಲಿಯ ಮಿತಿ ಬರೆದಿತ್ತು. 25 ನಿಮಿಷ ಬಂದ್. ಸಾಲಿನಲ್ಲಿ ನಿಂತಿದ್ದವರು ಗೊಣಗಿದರು, ಮಕ್ಕಳು ಅತ್ತರು, ಅವನು ಒಂಚೂರೂ ಅಲುಗಲಿಲ್ಲ. ಅವನು ಮಾಡಿದ್ದು ನೂರಕ್ಕೆ ನೂರು ಸರಿ. ಕೆಲವು ಕಡೆ ಬರೀ ಸಾಮಾನು ಇಳಿಸಿ ಹೋಗುತ್ತಾರಂತೆ, ನೋಡಿಕೊಳ್ಳಲು ವಾಲಂಟಿಯರ್ ನೀವೇ ಹಾಕಿಕೊಳ್ಳಬೇಕು. ಅದಕ್ಕೆ ಒಪ್ಪಬೇಡಿ, ಆಳಿನ ದುಡ್ಡು ಜಾಸ್ತಿ ಆದರೂ ಕೊಡಿ.

ಆರು ಆಟಗಳ ಬಗ್ಗೆ ಹೇಳಬೇಕಾದ್ದು ಕಡಿಮೆ. ರಿಂಗ್ ಎಸೆಯುವ ಆಟದಲ್ಲಿ ರಿಂಗುಗಳು ಸೊಟ್ಟಗಾಗಿದ್ದವು. ಬಾತುಕೋಳಿ ಹಿಡಿಯುವ ತೊಟ್ಟಿ ಸೋರುತ್ತಿತ್ತು. ಬಹುಮಾನದ ಪೆಟ್ಟಿಗೆಯಲ್ಲಿ ಇದ್ದ ಪ್ಲಾಸ್ಟಿಕ್ ಉಂಗುರ, ಪೀಪಿ ಎಲ್ಲ ಕೈಯಲ್ಲೇ ಮುರಿಯುತ್ತಿದ್ದವು. ಇದಕ್ಕೆ ದುಡ್ಡು ಕೊಟ್ಟಿದ್ದು ದಂಡ.

ಮಕ್ಕಳೆಲ್ಲ ಮುತ್ತಿಕೊಂಡಿದ್ದು ಐದನೇ ಕ್ಲಾಸಿನವರು ತಾವೇ ಮಾಡಿದ್ದ ಆಟಗಳನ್ನು. ಒಂದು ಹಗ್ಗಕ್ಕೆ ಹಳೇ ಬೆಡ್‌ಶೀಟ್ ನೇತುಹಾಕಿ, ಅದಕ್ಕೆ ಸಮುದ್ರದ ಚಿತ್ರ ಬರೆದು, ಒಂದು ಕೋಲಿಗೆ ದಾರ, ದಾರದ ತುದಿಗೆ ಬಟ್ಟೆ ಕ್ಲಿಪ್ಪು ಕಟ್ಟಿದ್ದರು. ಮಗು ಗಾಳ ಹಾಕುತ್ತದೆ, ಬೆಡ್‌ಶೀಟಿನ ಹಿಂದೆ ಕೂತವರು ಕ್ಲಿಪ್ಪಿಗೆ ಏನಾದರೂ ಸಿಕ್ಕಿಸಿ ಎರಡು ಸಲ ಜಗ್ಗುತ್ತಾರೆ, ಅಷ್ಟೇ. ಮೂರು ವರ್ಷದವರು ಇದನ್ನು ಬಿಟ್ಟು ಕದಲಲೇ ಇಲ್ಲ. ಇನ್ನೊಂದು, ಟಾಯ್ಲೆಟ್ ಪೇಪರಿನಲ್ಲಿ ಗೆಳೆಯನನ್ನು ಸುತ್ತಿ ಈಜಿಪ್ಟಿನ ಮಮ್ಮಿ ಮಾಡುವ ಪಂದ್ಯ. ಮೂರನೆಯದು ಚಿಕ್ಕ ಕುಂಬಳಕಾಯಿಯನ್ನೇ ಉರುಳಿಸಿ ನೀರಿನ ಬಾಟಲಿ ಬೀಳಿಸುವ ಬೌಲಿಂಗ್, ಕುಂಬಳಕಾಯಿ ನೆಟ್ಟಗೆ ಹೋಗುವುದಿಲ್ಲ, ಮಜಾ ಇರುವುದೇ ಅದರಲ್ಲಿ. ಸೇಬನ್ನು ನೀರಿನಲ್ಲಿ ತೇಲಿಸಿ ಬಾಯಲ್ಲಿ ಕಚ್ಚುವ ಹಳೇ ಆಟ ಮಾತ್ರ ಬೇಡ ಅಂದೆವು, ಎಲ್ಲರ ಎಂಜಲೂ ಒಂದೇ ತೊಟ್ಟಿಯಲ್ಲಿ ಆಗುತ್ತದೆ. ಬದಲಿಗೆ ಸೇಬನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆವು, ಒಬ್ಬರಿಗೆ ಒಂದು.

ತಿನ್ನುವ ವಿಷಯ. ಪಾಪ್‌ಕಾರ್ನ್ ಪ್ಯಾಕೆಟ್ಟುಗಳನ್ನು ಕಂಪನಿಯೇ ಕೊಟ್ಟಿತ್ತು, ಕಾಳು, ಎಣ್ಣೆ, ಉಪ್ಪು ಎಲ್ಲ ಒಂದರಲ್ಲೇ. ಆದರೆ ಲೇಬಲ್ ಇದ್ದ ಹೊರಗಿನ ಡಬ್ಬ ತಂದಿರಲಿಲ್ಲ. ಸ್ಕೂಲಿನ ಕಾರ್ಯಕ್ರಮದಲ್ಲಿ ಇದು ಸಣ್ಣ ತಪ್ಪಲ್ಲ. ಅಮೆರಿಕದ ಕಾನೂನಿನಲ್ಲಿ ಮುಖ್ಯ ಅಲರ್ಜಿ ಪದಾರ್ಥಗಳು ಒಂಬತ್ತು: ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿಯಂಥವು, ಬಾದಾಮಿ ಗೋಡಂಬಿಯಂಥ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ, ಮತ್ತು 2023ರ ಜನವರಿಯಿಂದ ಎಳ್ಳು. ಎಳ್ಳು ಸೇರಿದ್ದು ನಮ್ಮವರು ಕೆಲವರಿಗೆ ಇನ್ನೂ ಗೊತ್ತಿಲ್ಲ, ಚಿಕ್ಕಿ ತರುವವರಿಗೆ ಮೊದಲೇ ಹೇಳಿ. ಅಲರ್ಜಿ ಇರುವ ಮಕ್ಕಳಿಗಾಗಿ ಒಂದು ಮೇಜಿನ ಮೇಲೆ ಟೀಲ್ (ಹಸಿರು ಬೆರೆತ ನೀಲಿ) ಬಣ್ಣದ ಕುಂಬಳಕಾಯಿ ಇಟ್ಟು, ಅಲ್ಲಿ ಬರೀ ಪೆನ್ಸಿಲ್, ಸ್ಟಿಕ್ಕರ್, ಬಳೆಯಂಥ ತಿನ್ನದ ಉಡುಗೊರೆ ಇಟ್ಟಿದ್ದೆವು. ಈ ಗುರುತನ್ನು 2014ರಲ್ಲಿ ಫೇರ್ ಅನ್ನುವ ಆಹಾರ ಅಲರ್ಜಿ ಸಂಸ್ಥೆ ದೇಶಕ್ಕೆಲ್ಲ ಹರಡಿತು, ಈಗ ತುಂಬಾ ತಾಯಂದಿರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಹಾಟ್ ಡಾಗ್‌ನಂಥ ಬಿಸಿ ತಿಂಡಿ ಮಾರುವುದಾದರೆ ಊರಿನ ಹೆಲ್ತ್ ಡಿಪಾರ್ಟ್‌ಮೆಂಟಿಗೆ ಕೆಲವು ವಾರ ಮೊದಲೇ ಫೋನ್ ಮಾಡಿ, ಪರ್ಮಿಟ್ ಬೇಕಾಗುತ್ತದೆ. ನಾವು ಮಾರಲಿಲ್ಲ.

ಕಾಗದಪತ್ರದಲ್ಲಿ ಕಂಪನಿಗೆ ಅರ್ಧ ಮಾರ್ಕು. ನ್ಯೂಜೆರ್ಸಿಯಲ್ಲಿ ಬೌನ್ಸ್ ಹೌಸಿಗೂ ರಾಜ್ಯದ ಪರ್ಮಿಟ್ ಬೇಕು, ಅದು ಅವರ ಹತ್ತಿರ ಇತ್ತು, ಕೇಳಿದ ಕೂಡಲೇ ತೋರಿಸಿದರು. ಇನ್ಶೂರೆನ್ಸ್ ಸರ್ಟಿಫಿಕೇಟ್ ಮಾತ್ರ ಮೂರು ಸಲ ಕೇಳಿದ ಮೇಲೆ ಗುರುವಾರ ರಾತ್ರಿ ಬಂತು, ಅದರಲ್ಲೂ ಸ್ಕೂಲಿನ ಹೆಸರು ಇತ್ತು, ಜಾಗ ಕೊಟ್ಟ ಚರ್ಚಿನ ಹೆಸರು ಇರಲಿಲ್ಲ. ಶುಕ್ರವಾರ ಪೂರ್ತಿ ಅದರ ಹಿಂದೆ ಓಡಾಡಿದೆ. ಇಬ್ಬರು ಸೇರಿ ಮಾಡುವಾಗ ಇಬ್ಬರ ಹೆಸರೂ ಸೇರಿಸಿದ್ದಾರಾ ಅಂತ ನೋಡಿ. ಇನ್ನೊಂದು ಮಾತು, ಸೇಲ್ಸಿನವರು 'ರಾಫಲ್ ಡ್ರಮ್ಮೂ ಕೊಡುತ್ತೇವೆ, 40 ಡಾಲರ್ ಅಷ್ಟೇ' ಅಂದರು. ಇಲ್ಲಿ ರಾಫಲ್, ಅಂದರೆ ಲಾಟರಿ ತರದ ಚೀಟಿ ಎತ್ತುವ ಆಟದ ಟಿಕೆಟ್ ಮಾರಬೇಕಾದರೆ ಸಂಘ ಮೊದಲು ಇಂಥ ಆಟಗಳನ್ನು ನೋಡಿಕೊಳ್ಳುವ ರಾಜ್ಯದ ಕಮಿಷನ್ನಿನಲ್ಲಿ ನೋಂದಾಯಿಸಿಕೊಂಡು, ಆಮೇಲೆ ಊರಿನ ಮುನ್ಸಿಪಲ್ ಆಫೀಸಿನಿಂದ ಲೈಸೆನ್ಸ್ ತೆಗೆದುಕೊಳ್ಳಬೇಕು ಅನ್ನುವುದನ್ನು ಅವರು ಹೇಳಲಿಲ್ಲ. ನಮ್ಮ ಪಿಟಿಎ ಖಜಾಂಚಿಗೆ ಗೊತ್ತಿತ್ತು, ಬಚಾವಾದೆವು. ಬರಣಿಯಲ್ಲಿ ಎಷ್ಟು ಕ್ಯಾಂಡಿ ಇದೆ ಅಂತ ಊಹಿಸುವ ಆಟ ಪುಕ್ಕಟೆಯಾಗಿ ಇಟ್ಟೆವು.

ಚರ್ಚಿನವರ ಒಂದು ಮಾತು ನನಗೆ ಹಿಡಿಸಿತು. ಹ್ಯಾಲೋವೀನ್ ಹೆಸರು ಬೇಡ ಅನ್ನುವ ಕುಟುಂಬಗಳು ಅವರಲ್ಲಿ ಇವೆ, ಹಾಗಾಗಿ ಪೋಸ್ಟರಿನಲ್ಲಿ 'ಫಾಲ್ ಫೆಸ್ಟಿವಲ್' ಅಂತ ಹಾಕೋಣ, ವೇಷ ಹಾಕಲಿ, ಆದರೆ ರಕ್ತ, ಕತ್ತಿ, ಮುಖ ಮುಚ್ಚುವ ಮುಖವಾಡ ಬೇಡ ಅಂದರು. ಸ್ಕೂಲಿನ ನಿಯಮವೂ ಹೆಚ್ಚುಕಮ್ಮಿ ಅದೇ ಇತ್ತು. ಕಂಪನಿ ತಂದಿದ್ದ ತಲೆಬುರುಡೆಯ ಬ್ಯಾನರ್ ಮಡಚಿ ಇಟ್ಟೆವು. ಒಣ ಜೋಳದ ದಂಟು, ಹುಲ್ಲಿನ ಪಿಂಡಿ ಸುತ್ತಮುತ್ತ ಇದ್ದಿದ್ದರಿಂದ ಕುಂಬಳಕಾಯಿಯೊಳಗೆ ಮೇಣದ ಬತ್ತಿಯ ಬದಲು ಬ್ಯಾಟರಿ ದೀಪ ಇಟ್ಟೆವು.

ಟಿಕೆಟ್ ರೋಲ್ ಬಳಸಬೇಡಿ. ಒಂದು ಟಿಕೆಟ್ 50 ಸೆಂಟ್ ಅಂತ ಮಾರಿದ್ದರಿಂದ ಜನ ಮತ್ತೆ ಮತ್ತೆ ಬಂದು ಸಾಲು ನಿಂತರು, ಚಿಲ್ಲರೆ ಸಾಲಲಿಲ್ಲ. 5 ಡಾಲರಿನ ಒಂದು ಕೈಪಟ್ಟಿ ಕಟ್ಟಿ ಬಿಟ್ಟಿದ್ದರೆ ಎಲ್ಲರಿಗೂ ಆರಾಮ ಆಗುತ್ತಿತ್ತು.

ಮುಂದಿನ ಸಲಕ್ಕೆ ಅದೇ ಕಂಪನಿಯಿಂದ ಬೌನ್ಸ್ ಹೌಸ್, ಪಾಪ್‌ಕಾರ್ನ್ ಮೆಷಿನ್ ಎರಡನ್ನೇ ಹೇಳಿದ್ದೇವೆ, ಪ್ಯಾಕೇಜ್ ಬೇಡ ಅಂದೆವು. ಅದೇ ಹುಡುಗನನ್ನೇ ಕಳಿಸಿ ಅಂತ ಫಾರ್ಮಿನಲ್ಲೇ ಬರೆಸಿದ್ದೇನೆ. 2026ರಲ್ಲಿ ಹ್ಯಾಲೋವೀನ್ ದಿನ, ಅಂದರೆ ಅಕ್ಟೋಬರ್ 31, ಶನಿವಾರವೇ ಬರುತ್ತದೆ, ಆ ದಿನಕ್ಕೆ ಎಲ್ಲ ಕಡೆ ಕಿತ್ತಾಟ ಇರುತ್ತದೆ, ಅದಕ್ಕೇ ನಾವು 24ಕ್ಕೆ ಬುಕ್ ಮಾಡಿದೆವು. ನೀವು 31ಕ್ಕೇ ಮಾಡುವವರಾದರೆ ಬೇಸಿಗೆ ರಜೆ ಶುರುವಾಗುವ ಮೊದಲೇ ಫೋನ್ ಮಾಡಿ.