ಖಿನ್ನತೆಗೆ ಕೆಟಮಿನ್: ಡ್ರಿಪ್ಪೋ, ಸ್ಪ್ರೇಯೋ, ಮಾತ್ರೆಯೋ?

ಎರಡು ಬಗೆಯ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ತೆಗೆದುಕೊಂಡರೂ ಇಳಿಯದ ಖಿನ್ನತೆಗೆ ವೈದ್ಯರು ಅರಿವಳಿಕೆಗೆ ಬಳಸುವ ಮದ್ದಾದ ಕೆಟಮಿನ್ ಯೋಚಿಸುತ್ತಾರೆ. ಮಂಗಳೂರು, ಉಡುಪಿ ಕಡೆಯ ಮನೆಯವರು ಮೊದಲು ಕೇಳುವುದು ಯಾವುದು ಸುಲಭ ಎಂದು. ನಿಜಕ್ಕೂ ಕೇಳಬೇಕಾದ್ದು ಎರಡು: ಕೊಟ್ಟ ಮದ್ದಿನಲ್ಲಿ ರಕ್ತಕ್ಕೆ ಸೇರುವುದೆಷ್ಟು? ತಡೆಯಲಾಗದಿದ್ದರೆ ನಡುವೆ ನಿಲ್ಲಿಸಬಹುದೇ?

ಇವೆರಡಕ್ಕೂ ಒಳ್ಳೆಯ ಉತ್ತರ ಇರುವುದು ಡ್ರಿಪ್‌ನಲ್ಲಿ. ಕೆಜಿ ತೂಕಕ್ಕೆ 0.5 ಮಿಗ್ರಾಂ, 40 ನಿಮಿಷದಲ್ಲಿ. 60 ಕೆಜಿಯವರಿಗೆ 30 ಮಿಗ್ರಾಂ, ಅಂದರೆ ಮಿಲಿಗೆ 50 ಮಿಗ್ರಾಂ ಇರುವ ವಯಲ್‌ನಿಂದ ಬರೀ 0.6 ಮಿಲಿ. ಸಲೈನ್ ಸೇರಿಸಿ ಒಟ್ಟು 50 ಮಿಲಿ ಮಾಡಿದರೆ ಪಂಪ್ ಗಂಟೆಗೆ 75 ಮಿಲಿಗೆ. ಪಂಪ್ ಇಲ್ಲದೆ ಹನಿ ಎಣಿಸಿ ಬಿಡುವ ಕಡೆ ಕೈ ಅಲುಗಿದರೂ ವೇಗ ಬದಲಾಗುತ್ತದೆ. ಬೇಗ ಹೋದರೆ ಬಿಪಿ ಏರುತ್ತದೆ, ದೇಹದಿಂದ ಬೇರೆಯಾದ ಭಾವ ಭಯ ಹುಟ್ಟಿಸುತ್ತದೆ. ಇಸಿಟಿ (ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಜೊತೆ ಹೋಲಿಸಿದ 2023ರ ಅಮೆರಿಕದ ಅಧ್ಯಯನದಲ್ಲೂ ಕೊಟ್ಟದ್ದು ಡ್ರಿಪ್ಪೇ: ಭ್ರಮೆಯಂಥ ಸೈಕೋಸಿಸ್ ಲಕ್ಷಣವಿಲ್ಲದವರಲ್ಲಿ ಸುಮಾರು 55% ಮಂದಿಗೆ ಖಿನ್ನತೆ ಅರ್ಧದಷ್ಟಾದರೂ ಇಳಿಯಿತು, ಇಸಿಟಿಯಲ್ಲಿ 41%.

ಸ್ನಾಯುವಿಗೆ ಚುಚ್ಚಿದರೂ 90%ಕ್ಕಿಂತ ಹೆಚ್ಚು ರಕ್ತಕ್ಕೆ ಸೇರುತ್ತದೆ. ನರ ಸಿಗದವರಿಗೆ ಒಳ್ಳೆಯದು, ಆದರೆ ಚುಚ್ಚಿದ ಮೇಲೆ ಹಿಂದೆಗೆಯಲಾಗದು.

ಕೆಟಮಿನ್‌ನದೇ ಒಂದು ರೂಪವಾದ ಎಸ್‌ಕೆಟಮಿನ್‌ನ ಮೂಗಿನ ಸ್ಪ್ರೇಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಒಂದು ಉಪಕರಣದಲ್ಲಿ 28 ಮಿಗ್ರಾಂ. 56 ಅಥವಾ 84 ಬೇಕಾದರೆ 5 ನಿಮಿಷ ಬಿಟ್ಟು ಮುಂದಿನದು. ಎರಡು ಗಂಟೆ ಮೊದಲು ಊಟ ಬಿಡಬೇಕು, ನಂತರ ಕನಿಷ್ಠ ಎರಡು ಗಂಟೆ ನಿಗಾದಲ್ಲಿ ಕೂರಬೇಕು. ನಮ್ಮ ಆಟಿಯ ಮಳೆಗೆ ಮೂಗು ಕಟ್ಟಿದ್ದರೆ ಸರಿಯಾಗಿ ಹೀರುವುದಿಲ್ಲ, ಕಹಿ ಗಂಟಲಿಗಿಳಿಯುತ್ತದೆ. ಮೂಗು ಬಿಡಿಸುವ ಹನಿಯನ್ನು ಒಂದು ಗಂಟೆ ಮೊದಲೇ ಹಾಕಿ ಮುಗಿಸಬೇಕು.

ಬಾಯಿಯಲ್ಲಿ ಕೊಡುವುದು ನನ್ನ ಮಟ್ಟಿಗೆ ಕೊನೆಯ ಆಯ್ಕೆ. ನುಂಗಿದರೆ ಸುಮಾರು 20% ಮಾತ್ರ ಉಳಿಯುತ್ತದೆ, ಉಳಿದದ್ದನ್ನು ಯಕೃತ್ತು ಒಡೆಯುತ್ತದೆ. ನಾಲಿಗೆಯಡಿ ಇಟ್ಟರೆ ತುಸು ಹೆಚ್ಚು, ಆದರೆ ಜೊಲ್ಲು ನುಂಗಿದಷ್ಟೂ ಲೆಕ್ಕ ತಪ್ಪುತ್ತದೆ. ಮನೆಯಲ್ಲೇ ಪದೇ ಪದೇ ತೆಗೆದುಕೊಳ್ಳುವ ಚಟಕ್ಕೂ ದಾರಿ ಇದೇ. ಕೆಟಮಿನ್ ಶೆಡ್ಯೂಲ್ ಎಕ್ಸ್ ಔಷಧ, ಅಂದರೆ ಮಾರಾಟದ ಮೇಲೆ ಕಾನೂನಿನ ಬಿಗಿ ಹಿಡಿತ ಇರುವಂಥದ್ದು. ಚೀಟಿ ಇಲ್ಲದೆ ಕೊಡುತ್ತೇನೆಂದವರ ಹತ್ತಿರ ಸುಳಿಯಲೇಬೇಡಿ.

ಡ್ರಿಪ್ ಆದರೆ ವಾರಕ್ಕೆ ಎರಡರಂತೆ ಎರಡು ಮೂರು ವಾರ ಸಾಮಾನ್ಯ. ಬೆಳ್ತಂಗಡಿ, ಕುಂದಾಪುರದಿಂದ ಬರುವವರು ಜೊತೆಗೊಬ್ಬರನ್ನು ಕರೆತರಬೇಕು. ಮರುದಿನದವರೆಗೆ ಬೈಕೂ ಇಲ್ಲ, ಕಾರೂ ಇಲ್ಲ. ಚಾರ್ಮಾಡಿ ಘಾಟಿ ಹತ್ತಬೇಕಾದವರು ವಾಂತಿಗೆ ಒಂಡನ್‌ಸೆಟ್ರಾನ್ ಮೊದಲೇ ಕೇಳಿ. ಮೂತ್ರ ಉರಿದರೆ, ಪದೇ ಪದೇ ಹೋಗಬೇಕೆನಿಸಿದರೆ ಮುಂದಿನ ಡೋಸ್‌ಗೆ ಮೊದಲೇ ವೈದ್ಯರಿಗೆ ಹೇಳಿ, ಮೂತ್ರಕೋಶದ ಹಾನಿ ಶುರುವಾಗುವುದು ಹಾಗೆಯೇ.