ಒಂದು ದಿನ ತಪ್ಪಿದರೆ ಸೊನ್ನೆಯಿಂದ ಶುರು ಮಾಡಬೇಕಿಲ್ಲ: ‘ಲೂಪ್ ಹ್ಯಾಬಿಟ್ ಟ್ರ್ಯಾಕರ್’ ವಿಮರ್ಶೆ

ದಿನನಿತ್ಯದ ಅಭ್ಯಾಸಗಳನ್ನು ಗುರುತು ಹಾಕಿಕೊಳ್ಳಲು ಸಿಗುವ ಆ್ಯಪ್‌ಗಳಲ್ಲಿ ಹೆಚ್ಚಿನವು ‘ಸ್ಟ್ರೀಕ್’ ಎಂಬ ಒಂದೇ ಲೆಕ್ಕವನ್ನು ನೆಚ್ಚಿಕೊಂಡಿವೆ. ಎಷ್ಟು ದಿನ ಎಡೆಬಿಡದೆ ಮಾಡಿದಿರಿ ಎಂಬ ಸಂಖ್ಯೆ ದಿನೇ ದಿನೇ ಏರುತ್ತದೆ, ಒಂದು ದಿನ ತಪ್ಪಿದರೆ ನೇರವಾಗಿ ಸೊನ್ನೆಗೆ ಇಳಿಯುತ್ತದೆ. ಒಂದೂವರೆ ತಿಂಗಳು ಬೆಳಗಿನ ನಡಿಗೆ ತಪ್ಪಿಸದವರು ನೆಂಟರ ಮನೆಯ ಮದುವೆ ಮುಗಿಸಿಕೊಂಡು ಬಂದು ಆ ಸೊನ್ನೆಯನ್ನು ನೋಡಿದ ಮೇಲೆ, ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನೋಡೋಣ ಎಂದು ಕೈಬಿಡುವುದು ಅಪರೂಪವೇನಲ್ಲ. ಅವರು ಕಳೆದುಕೊಂಡದ್ದು ಒಂದೆರಡು ದಿನದ ನಡಿಗೆಯನ್ನು ಮಾತ್ರ. ಆದರೆ ಎಲ್ಲವೂ ಹೋಯಿತೆಂದು ಅವರನ್ನು ನಂಬಿಸಿದ್ದು ಲೆಕ್ಕ ಇಡುವ ಕ್ರಮ. ಲೂಪ್ ಹ್ಯಾಬಿಟ್ ಟ್ರ್ಯಾಕರ್ ಈ ಲೆಕ್ಕವನ್ನೇ ಬೇರೆ ರೀತಿಯಲ್ಲಿ ಇಡುತ್ತದೆ. ಅದನ್ನು ನಾನು ಮೆಚ್ಚಲು ಮುಖ್ಯ ಕಾರಣವೂ ಅದೇ.

ಇದು ಆಂಡ್ರಾಯ್ಡ್ ಫೋನುಗಳಿಗಾಗಿ ಇರುವ ಉಚಿತ, ಮುಕ್ತ ತಂತ್ರಾಂಶ. ಜಾಹೀರಾತುಗಳಿಲ್ಲ, ಖಾತೆ ತೆರೆಯಬೇಕಿಲ್ಲ, ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಪ್ಲೇ ಸ್ಟೋರ್ ಮತ್ತು ಮುಕ್ತ ತಂತ್ರಾಂಶಗಳ ಆ್ಯಪ್ ಮಳಿಗೆಯಾದ ಎಫ್-ಡ್ರಾಯ್ಡ್ ಎರಡರಲ್ಲೂ ಸಿಗುತ್ತದೆ.

ತೆರೆದ ಕೂಡಲೇ ಕಾಣುವುದು ಅಭ್ಯಾಸಗಳ ಸರಳ ಪಟ್ಟಿ. ಪ್ರತಿ ಹೆಸರಿನ ಎಡಕ್ಕೆ ಒಂದು ಪುಟ್ಟ ಉಂಗುರ, ಬಲಕ್ಕೆ ಇತ್ತೀಚಿನ ದಿನಗಳ ಗುರುತುಗಳು. ಆ ಉಂಗುರ ತುಂಬಿದಷ್ಟೂ ಅಭ್ಯಾಸ ಗಟ್ಟಿಯಾಗಿದೆ ಎಂದರ್ಥ. ದಿನವೂ ಮಾಡಬೇಕಾದ ಅಭ್ಯಾಸವನ್ನು ಒಂದು ತಿಂಗಳು ತಪ್ಪದೆ ಮಾಡಿದರೆ ಆ ಉಂಗುರ ಸೂಚಿಸುವ ಅಂಕ ಸುಮಾರು ಶೇ. 80ಕ್ಕೆ ಬರುತ್ತದೆ, ಎರಡು ತಿಂಗಳಿಗೆ ಶೇ. 96, ಮೂರು ತಿಂಗಳಿಗೆ ಶೇ. 99. ಇತ್ತೀಚಿನ ದಿನಗಳಿಗೆ ಹೆಚ್ಚು ತೂಕ ಕೊಟ್ಟು, ಹಳೆಯ ದಿನಗಳನ್ನು ಮರೆಯದೆ ಈ ಲೆಕ್ಕ ನಡೆಯುವುದರಿಂದ, ಶೇ. 80ರಲ್ಲಿ ಇರುವವರು ಒಂದು ದಿನ ತಪ್ಪಿಸಿದರೆ ಸುಮಾರು ಶೇ. 76ಕ್ಕೆ ಇಳಿಯುತ್ತಾರೆಯೇ ಹೊರತು ಸೊನ್ನೆಗಲ್ಲ. ಮತ್ತೆ ನಾಲ್ಕು ದಿನ ಮಾಡಿದರೆ ಮೊದಲಿದ್ದಲ್ಲಿಗೆ ಬಂದು ನಿಲ್ಲುತ್ತಾರೆ. ತಪ್ಪಿದ್ದಕ್ಕೆ ಬೆಲೆ ಇದೆ, ಆದರೆ ಆ ಬೆಲೆ ತಪ್ಪಿನಷ್ಟೇ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿದ ಪ್ರಸಿದ್ಧ ಅಧ್ಯಯನವೂ ಇದೇ ಮಾತನ್ನು ಹೇಳುತ್ತದೆ. ಒಂದು ನಡವಳಿಕೆ ತಾನಾಗಿಯೇ ಬರುವಷ್ಟು ರೂಢಿಯಾಗಲು ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಎಂಬುದು ಅವರ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ‘21 ದಿನದಲ್ಲಿ ಅಭ್ಯಾಸ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಭರವಸೆಯನ್ನು ನಂಬಿ, 22ನೇ ದಿನ ತಮ್ಮನ್ನೇ ಬೈದುಕೊಳ್ಳುವವರು ಈ ಅಂಕಿಗಳನ್ನು ಗಮನಿಸಬೇಕು.

ಬಳಸುವವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿಗಳು ಸೆಟ್ಟಿಂಗ್ಸ್‌ನಲ್ಲಿ ಅಡಗಿವೆ. ಜ್ವರ, ಪ್ರಯಾಣ, ಹಬ್ಬದ ದಿನಗಳನ್ನು ‘ಸ್ಕಿಪ್’ ಎಂದು ಗುರುತಿಸುವ ಅನುಕೂಲವಿದ್ದು, ಹಾಗೆ ಗುರುತಿಸಿದ ದಿನ ಅಂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೆ ಇದನ್ನು ನಾವೇ ಹುಡುಕಿ ಚಾಲೂ ಮಾಡಿಕೊಳ್ಳಬೇಕು. ಮೊದಲೇ ಚಾಲೂ ಇಟ್ಟಿದ್ದರೆ ಎಷ್ಟೋ ಜನರ ಬೇಸರ ತಪ್ಪುತ್ತಿತ್ತು. ತಡವಾಗಿ ಮಲಗುವವರಿಗೆ ನಡುರಾತ್ರಿಯ ಬದಲು ಬೆಳಗಿನ ಜಾವ 3 ಗಂಟೆಗೆ ದಿನ ಬದಲಾಗುವಂತೆ ಮಾಡುವ ಆಯ್ಕೆಯೂ ಇದೆ. ಹೌದು-ಇಲ್ಲ ಎನ್ನುವ ಅಭ್ಯಾಸಗಳ ಜೊತೆಗೆ ಅಳೆಯಬಹುದಾದ ಅಭ್ಯಾಸಗಳನ್ನೂ ಸೇರಿಸಬಹುದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಎರಡನೆಯ ಬಗೆ. ಮೂವತ್ತು ನಿಮಿಷದ ನಡಿಗೆಯ ಗುರಿ ಇಟ್ಟುಕೊಂಡವರು ಮಳೆ ಹಿಡಿದ ಸಂಜೆ ಮನೆಯ ಪಡಸಾಲೆಯಲ್ಲೇ ಹತ್ತು ನಿಮಿಷ ಅಡ್ಡಾಡಿದರೂ ಆ ದಿನದ ಮೂರನೇ ಒಂದು ಪಾಲು ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ನಡಿಗೆ, ನೀರು, ಪ್ರಾಣಾಯಾಮದಂಥವುಗಳನ್ನು ಹೌದು-ಇಲ್ಲದ ಪಟ್ಟಿಯಲ್ಲಿ ಹಾಕದೆ ಈ ಬಗೆಯಲ್ಲೇ ನಮೂದಿಸುವುದು ಲೇಸು.

ನೆನಪಿಸಲು ಬರುವ ನೋಟಿಫಿಕೇಶನ್‌ನಲ್ಲಿನ ಪ್ರಶ್ನೆಯನ್ನು ನಾವೇ ಬರೆದುಕೊಳ್ಳಬಹುದು, ಕನ್ನಡದಲ್ಲೂ ಬರೆಯಬಹುದು. ‘ವಾಕಿಂಗ್ ಮುಗಿಯಿತೇ?’ ಎಂದು ಮೇಷ್ಟರ ಧಾಟಿಯಲ್ಲಿ ಕೇಳಿಸಿಕೊಳ್ಳುವುದಕ್ಕೂ ‘ಇವತ್ತು ಸ್ವಲ್ಪವಾದರೂ ನಡೆದಾಡಲು ಬಿಡುವಾಯಿತೇ?’ ಎಂದು ಕೇಳಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಸುಸ್ತಾಗಿ ಮನೆ ಸೇರಿದ ಹೊತ್ತಿನಲ್ಲಿ ಎರಡನೆಯದಕ್ಕೆ ‘ಇಲ್ಲ’ ಎಂದು ಉತ್ತರಿಸುವಾಗಲೂ ಮನಸ್ಸು ಮುದುಡುವುದಿಲ್ಲ. ವಾರಕ್ಕೆ ಮೂರು ಸಲ ಎಂಬಂಥ ಗುರಿಗಳಿಗೂ ಅವಕಾಶವಿದೆ. ಆ ಮೂರು ಸಲ ಆದ ಮೇಲೆ ಉಳಿದ ದಿನಗಳನ್ನು ಆ್ಯಪ್ ತಾನೇ ಆಗಿದೆ ಎಂದು ಪರಿಗಣಿಸುವುದರಿಂದ, ವಿಶ್ರಾಂತಿಯ ದಿನ ತಪ್ಪಿತಸ್ಥರಂತೆ ಕೂರಬೇಕಿಲ್ಲ. ಹೊಸದಾಗಿ ಶುರು ಮಾಡುವವರು ದಿನವೂ ಎಂಬ ಹಟ ಬಿಟ್ಟು ಇಲ್ಲಿಂದ ಆರಂಭಿಸಲಿ.

ಕೊರತೆಗಳೂ ಇವೆ. ಸೊನ್ನೆಯ ಕಾಟವನ್ನು ತಪ್ಪಿಸಿದ ಇದೇ ಆ್ಯಪ್, ಅಭ್ಯಾಸದ ಒಳಪುಟದಲ್ಲಿ ಅತಿ ಉದ್ದದ ಸ್ಟ್ರೀಕ್‌ಗಳ ಪಟ್ಟಿಯನ್ನು ಇನ್ನೂ ತೋರಿಸುತ್ತದೆ. ಅದನ್ನು ನೋಡಿ ಕೊರಗುವ ಸ್ವಭಾವದವರು ಫೋನಿನ ಮುಖಪರದೆಯ ಮೇಲೆ ಇಟ್ಟುಕೊಳ್ಳಬಹುದಾದ ಪುಟ್ಟ ಚೌಕದಿಂದಲೇ (ವಿಜೆಟ್) ಗುರುತು ಹಾಕಿ ಸುಮ್ಮನಾಗುವುದು ಒಳ್ಳೆಯದು. ಅಂಕ ಮೇಲೇರಿದಷ್ಟೂ ಬಿದ್ದ ಮೇಲೆ ಚೇತರಿಸಿಕೊಳ್ಳುವುದು ನಿಧಾನ: ಶೇ. 96ರಲ್ಲಿದ್ದವರು ಒಂದು ದಿನ ತಪ್ಪಿಸಿದರೆ ಮತ್ತೆ ಅಲ್ಲಿಗೆ ಮುಟ್ಟಲು ಹೆಚ್ಚುಕಡಿಮೆ ಎರಡು ವಾರ ಬೇಕು. ಇದು ಲೆಕ್ಕದ ಸ್ವಭಾವವೇ ಹೊರತು ಬಳಸುವವರ ಸೋಲಲ್ಲ ಎಂಬ ಒಂದು ಸಾಲಿನ ವಿವರಣೆ ಅದೇ ಪುಟದಲ್ಲಿ ಇರಬೇಕಿತ್ತು. ಎರಡು ಫೋನುಗಳ ನಡುವೆ ಮಾಹಿತಿ ತಾನಾಗಿ ಹೊಂದಿಕೆಯಾಗುವುದಿಲ್ಲ. ಫೋನ್ ಬದಲಿಸುವ ಮುನ್ನ ಬ್ಯಾಕಪ್ ಕಡತವನ್ನು ಕೈಯಾರೆ ತೆಗೆದಿಟ್ಟುಕೊಳ್ಳಬೇಕು.

ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ಮಾತ್ರ ಇದನ್ನು ನಾನು ಸಲಹೆ ಮಾಡುವುದಿಲ್ಲ. ನಡಿಗೆಯ ವಿಷಯದಲ್ಲಿ ಹಿತವೆನಿಸುವ ಈ ಉದಾರ ಲೆಕ್ಕ ಅಲ್ಲಿ ಸಲ್ಲದು. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವ, ವಾರದ ಏಳು ದಿನಕ್ಕೂ ಒಂದೊಂದು ಮನೆ ಇರುವ ಮಾತ್ರೆ ಡಬ್ಬಿಯೇ ಸರಿ.